ಚಂದ್ರವಿಲಾಸಕ್ಕೆ ಎರಡು ಟಿಕೆಟ್

ಸಿಲ್ಚಾರ್, ಅಸ್ಸಾಂ
24 ಸೆಪ್ಟೆಂಬರ್ 2023

ಅಮ್ಮನಿಗೆ,

ನನ್ನನ್ನು ಕಂಡರೆ ಈಗ ಇಲ್ಲಿನ ಅಂಚೆ ಕಚೇರಿಯವರೇ ಸ್ಪೀಡ್ ಪೋಸ್ಟಾ ಎಂದು ಕೇಳುತ್ತಾರೆ. ನಮ್ಮ ಇಡೀ ಶಾಲೆಯಲ್ಲಿ ಮನೆಗೆ ಕಾಗದ ಬರೆಯುವ ಟೀಚರ್ ನಾನೊಬ್ಬಳೇ. ಆಸ್ಪತ್ರೆಯಿಂದ ಅಪ್ಪ ಮಾಡಿದ ಆ ಫೋನನ್ನು ನೀನು ಎತ್ತಿದ್ದು, ಆಮೇಲೆ ಫೋನನ್ನೇ ಮುಟ್ಟದೆ ಕೂತಿದ್ದು, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಕಾಗದವಾದರೆ ಕಾಗದ. ನಾನು ಹೇಳುತ್ತಿರುವಾಗ ನಡುವೆ ನೀನು ಬಾಯಿ ಹಾಕುವಂತಿಲ್ಲ, ಅದೊಂದು ಅನುಕೂಲ.

ಒಳಗೆ ಎರಡು ಟಿಕೆಟ್ ಇಟ್ಟಿದ್ದೇನೆ, ನೋಡು. ಚಂದ್ರವಿಲಾಸದ ಸಂಗೀತ ನಾಟಕಕ್ಕೆ. ಬೋಗಾದಿ ದಾಟಿದ ಮೇಲೆ ಸಿಗುವ ಅದೇ ಬಂಗಲೆ. ಆ ಕಡೆ ಹೋದಾಗಲೆಲ್ಲ ಅಪ್ಪ ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ, ತಮ್ಮ ತಾತ ಅರಮನೆಯ ನೌಕರಿಯಲ್ಲಿದ್ದಾಗ ಅದರ ಹುಲ್ಲುಹಾಸಿನ ಮೇಲೆ ಕೂತು ನಾಟಕ ನೋಡಿದ ಕಥೆ ಹೇಳುತ್ತಾರಲ್ಲ, ಬೇಡ ಅಂದರೂ ಹೇಳುತ್ತಾರಲ್ಲ, ಅದೇ. ಪಾಪ, ಅವರು ಮಾತ್ರ ಈವರೆಗೆ ಗೇಟು ದಾಟಿಲ್ಲ. ಬಂಗಲೆಯವರ ಮೊಮ್ಮಕ್ಕಳು ಈಗ ಮತ್ತೆ ಡಿಸೆಂಬರಿನಲ್ಲಿ ನಾಟಕ ಆಡಿಸುತ್ತಿದ್ದಾರೆ. ಜರಿ ಪೇಟ, ರೇಷ್ಮೆ ಸೀರೆಯಲ್ಲಿ ಜನ ಬರುತ್ತಾರಂತೆ. ನಡುವೆ ದೊಡ್ಡ ವಿರಾಮ. ಮನೆಯಿಂದ ತಂದ ಬುತ್ತಿಯನ್ನು ಮರದ ಕೆಳಗೆ ಜಮಖಾನ ಹಾಸಿಕೊಂಡು ಉಣ್ಣಬೇಕಂತೆ.

ಟಿಕೆಟ್ ಸಿಗುವುದು ಅಷ್ಟು ಸುಲಭವಲ್ಲ. ಬೆಳಿಗ್ಗೆ ನೆಟ್‌ನಲ್ಲಿ ಬಿಟ್ಟರೆ ಕಾಫಿ ಕುಡಿಯುವಷ್ಟರಲ್ಲಿ ಖಾಲಿ. ಒಂಬತ್ತನೇ ಕ್ಲಾಸಿಗೆ ಭೂಪಟ ಬಿಡಿಸಲು ಕೊಟ್ಟು ನಾನು ಸ್ಟಾಫ್ ರೂಮಿನಲ್ಲಿ ಫೋನು ಹಿಡಿದು ಕೂತಿದ್ದೆ. ಸಿಕ್ಕಾಗ ಕೂಗಿಬಿಟ್ಟೆ, ಹೆಡ್‌ಮಾಸ್ಟರು ಬಂದು ಇಣುಕಿ ನೋಡಿದರು.

ನಾಟಕ ಡಿಸೆಂಬರ್ 23ರ ಶನಿವಾರ. ನನ್ನ ತಮ್ಮ ಯಶಸ್ ಡೆಂಗ್ಯೂನಲ್ಲಿ ಹೋಗಿ 11ನೇ ತಾರೀಖಿಗೆ ವರ್ಷ ತುಂಬುತ್ತದೆ. ವರ್ಷ ಕಳೆಯುವವರೆಗೆ ಹಬ್ಬವಿಲ್ಲ, ಮದುವೆ ಮನೆಗೆ ಹೋಗುವಂತಿಲ್ಲ, ಸಂಗೀತ ಕಛೇರಿಗೆ ಹೋಗುವಂತಿಲ್ಲ ಎಂದು ಗೊತ್ತಿದ್ದೇ ನಾನು ಆ ದಿನ ಹಿಡಿದದ್ದು. ಯಾರೂ ಏನೂ ಅನ್ನುವ ಹಾಗಿಲ್ಲ. ನಿಮ್ಮಿಬ್ಬರ ಮದುವೆಯ ಮೂವತ್ತೈದನೇ ವರ್ಷಕ್ಕೆ ಇದು ನನ್ನ ಉಡುಗೊರೆ ಅಂದುಕೋ. ಹೋಗಿ ಬನ್ನಿ ಅಮ್ಮ, ಒಂದು ಸಂಜೆ ಅಷ್ಟೇ.

ಲಹರಿ

ಕೃಷ್ಣಮೂರ್ತಿಪುರಂ, ಮೈಸೂರು
6 ಅಕ್ಟೋಬರ್ 2023

ಚಿ. ಲಹರಿ,

ಕಾಗದ ತಲುಪಿತು, ಟಿಕೆಟ್ ತಲುಪಿತು. ನಿಮ್ಮಪ್ಪ ಎರಡು ಸಲ ಓದಿದರು, ಹಿಂದೆ ಏನಾದರೂ ಬರೆದಿದೆಯಾ ಎಂದು ತಿರುಗಿಸಿಯೂ ನೋಡಿದರು. ಟಿಕೆಟನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ.

ಇಲ್ಲಿ ಮಳೆ ಕಡಿಮೆಯಾಗಿದೆ. ಪಕ್ಕದ ಮನೆ ಇಂದ್ರಮ್ಮನವರಿಗೆ ಕಣ್ಣಿನ ಆಪರೇಷನ್ ಆಯಿತು. ನಿಮ್ಮಪ್ಪನ ಬಿ.ಪಿ. ಸರಿ ಇದೆ. ಸಂಗೀತ ಪಾಠ ಶುರು ಮಾಡಿಲ್ಲ, ಹುಡುಗಿಯರನ್ನು ಬೇರೆ ಕಡೆ ಸೇರಿಸಿ ಅಂತ ಅವರ ತಾಯಂದಿರಿಗೆ ಹೇಳಿಬಿಟ್ಟಿದ್ದೇನೆ. ನೀನು ಮೊಸರು ತಿನ್ನುತ್ತಿದ್ದೀಯಾ? ಆ ಊರಿನ ನೀರು ಕಾಯಿಸಿಕೊಂಡು ಕುಡಿ.

ಇನ್ನೇನೂ ವಿಶೇಷವಿಲ್ಲ.

ಅಮ್ಮ

ಸಿಲ್ಚಾರ್
22 ಅಕ್ಟೋಬರ್ 2023

ಅಮ್ಮ,

ಟಿಕೆಟ್ ದೇವರ ಮನೆಗೆ ಹೋಯಿತು ಅಂದರೆ ಮಂಜೂರಾಯಿತು ಅಂತಲೇ ಅರ್ಥ. ನಮ್ಮ ಮನೆಯಲ್ಲಿ ಗ್ಯಾಸಿನ ಬಿಲ್ಲಿಗೂ ಆ ಭಾಗ್ಯವಿಲ್ಲ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ, ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಈಗ ಕೇಳು. ಆಟೋ ಸಿದ್ದುಗೆ ಅಪ್ಪನ ಕೈಲಿ ಹೇಳಿಸಿದ್ದೇನೆ. ಅವನೇ ಕರೆದುಕೊಂಡು ಹೋಗಿ, ಮುಗಿಯುವವರೆಗೆ ಕಾದು, ಮನೆಗೆ ಬಿಡುತ್ತಾನೆ. ನೀನು ಆ ಬದನೆಕಾಯಿ ಬಣ್ಣದ ಮೈಸೂರು ಸಿಲ್ಕ್ ಉಡು. ಮಾಸಲು ಕಾಟನ್ ಉಟ್ಟು ಹೋಗಿ ನನ್ನ ಮಾನ ಕಳೆಯಬೇಡ. ಸ್ವೆಟರ್ ಮರೆಯಬೇಡ, ಡಿಸೆಂಬರಿನಲ್ಲಿ ಆ ಕಡೆ ಚಳಿ ಜಾಸ್ತಿ. ಬುತ್ತಿಗೆ ಏನು ಮಾಡಬೇಕು ಅಂತ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅಪ್ಪ ಜರಿ ಪೇಟ ಹುಡುಕುತ್ತಿದ್ದಾರಂತೆ. ಬೀರುವಿನ ಮೇಲಿನ ಟ್ರಂಕಿನಲ್ಲಿ ಇರಬೇಕು, ಸ್ವಲ್ಪ ತೆಗೆದುಕೊಡು.

ನಾಟಕ ಹೊಸದಂತೆ, ತಮಾಷೆಯದಂತೆ. ಒಬ್ಬ ರಾಜನಿಗೆ ಹಾಡುಗಾರ್ತಿ ಬೇಕು, ಊರಿನವರೆಲ್ಲ ಹಾಡುಗಾರರೇ ಎಂದು ಹೇಳಿಕೊಂಡು ಬರುತ್ತಾರೆ, ಹೀಗೇನೋ. ನೀನು ತಪ್ಪು ಹಿಡಿಯುತ್ತಾ ಕೂರಬಹುದು.

ಇಲ್ಲಿ ದುರ್ಗಾ ಪೂಜೆಯ ಗಲಾಟೆ. ನಾನು ರೂಮಿನ ಕಿಟಕಿ ಮುಚ್ಚಿಕೊಂಡು ಪೇಪರ್ ತಿದ್ದುತ್ತಿದ್ದೇನೆ. ಎಲ್ಲ ಸರಿ ಇದೆ.

ಲಹರಿ

ಕೃಷ್ಣಮೂರ್ತಿಪುರಂ
14 ನವೆಂಬರ್ 2023

ಚಿ. ಲಹರಿ,

ನಿನಗೆ ಮೊದಲೇ ಬರೆಯಬೇಕಿತ್ತು. ಡಿಸೆಂಬರ್ 11ಕ್ಕೆ ವರ್ಷ ತುಂಬುವುದಿಲ್ಲ. ನೀನು ಕ್ಯಾಲೆಂಡರ್ ತಾರೀಖು ನೋಡಿದ್ದೀಯ. ನಮಗೆ ಲೆಕ್ಕ ತಿಥಿಯದು. ಅವನು ಹೋದದ್ದು ಮಾರ್ಗಶಿರ ಬಹುಳ ತದಿಗೆ. ಈ ವರ್ಷ ಅಧಿಕ ಶ್ರಾವಣ ಬಂದದ್ದರಿಂದ ಎಲ್ಲ ತಿಥಿಯೂ ಮುಂದಕ್ಕೆ ಹೋಗಿದೆ. ವರ್ಷಾಬ್ದಿಕ ಬರುವುದು ಡಿಸೆಂಬರ್ 29ಕ್ಕೆ. ಶಾಸ್ತ್ರಿಗಳೂ ಹಾಗೇ ಹೇಳಿದರು. ಪ್ರತಿ ತಿಂಗಳೂ ಮಾಸಿಕ ನಡೆಯುತ್ತಿದೆ, ಅಧಿಕ ಮಾಸದ್ದು ಒಂದು ಹೆಚ್ಚಾಯಿತು.

ಆದ್ದರಿಂದ 23ಕ್ಕೆ ನಾಟಕಕ್ಕೆ ಹೋಗಲು ಬರುವುದಿಲ್ಲ. ಕರ್ಮ ಮಾಡುವವರು ನಿಮ್ಮಪ್ಪ, ಅವರಂತೂ ಹೋಗುವ ಹಾಗೇ ಇಲ್ಲ. ಟಿಕೆಟ್ ಹಾಳಾಗುವುದು ಬೇಡ. ನಿನ್ನ ಸ್ನೇಹಿತರು ಯಾರಾದರೂ ಇಲ್ಲಿದ್ದರೆ ಹೇಳು, ಬಂದು ತೆಗೆದುಕೊಂಡು ಹೋಗಲಿ.

ದೀಪಾವಳಿಗೆ ಬಾಗಿಲಿಗೆ ದೀಪ ಇಡಲಿಲ್ಲ. ಇಂದ್ರಮ್ಮನವರು ಕಜ್ಜಾಯ ಕೊಟ್ಟರು.

ಅಮ್ಮ

ಸಿಲ್ಚಾರ್
24 ನವೆಂಬರ್ 2023

ಅಮ್ಮ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಈಗ ಬಾಯಿಗೆ ಬಂದದ್ದು ಬರೆಯುತ್ತೇನೆ, ಬೈದುಕೋ.

ನೀನು ಯಾವತ್ತಿನಿಂದ ಪಂಚಾಂಗದವಳಾದೆ? ಗ್ರಹಣ ಹಿಡಿದಿರುವಾಗ ಬಾಗಿಲು ಹಾಕಿಕೊಂಡು ನಮ್ಮಿಬ್ಬರಿಗೆ ಚಿತ್ರಾನ್ನ ಕಲಸಿ ತಿನ್ನಿಸಿದವಳು ನೀನು. ರಾಹುಕಾಲದಲ್ಲೇ ನನ್ನನ್ನು ಕೆಲಸಕ್ಕೆ ರೈಲು ಹತ್ತಿಸಿದವಳು ನೀನು. ಅಜ್ಜಿ ಸತ್ತ ವರ್ಷ, ಮೂರನೇ ತಿಂಗಳಿಗೇ ಶಿಷ್ಯೆಯರನ್ನು ಕರೆದು ಪಾಠಕ್ಕೆ ಕೂತವಳು ನೀನು. ಆಗ ಇಲ್ಲದ ಅಧಿಕ ಮಾಸ ಈಗ ಎಲ್ಲಿಂದ ಬಂತು? ನಿನಗೆ ಹೋಗಲು ಮನಸ್ಸಿಲ್ಲ ಅಂತ ಒಂದು ಸಾಲು ಬರೆದಿದ್ದರೆ ನನಗೆ ಅರ್ಥವಾಗುತ್ತಿತ್ತು.

ಟಿಕೆಟ್ ಕೊಂಡದ್ದು ನಾಟಕಕ್ಕಲ್ಲ ಅಮ್ಮ. ಅಪ್ಪನಿಗಾಗಿ. ನಾನು ಫೋನು ಮಾಡಿದಾಗ ಅವರು ಪೇಪರಿನಲ್ಲಿ ಬಂದದ್ದು, ಹಾಲಿನ ರೇಟು ಎಲ್ಲ ಹೇಳಿ ಮುಗಿಸಿಬಿಡುತ್ತಾರೆ. ಮೊನ್ನೆ ಮಾತ್ರ, ನಾನು ಏನೂ ಕೇಳದೆ ಇರುವಾಗಲೇ, ‘ನಿಮ್ಮಮ್ಮ ತಟ್ಟೆಗೆ ಹಾಕ್ಬಿಟ್ಟು ಒಳಗೆ ಹೋಗ್ಬಿಡ್ತಾಳೆ ಕಣಮ್ಮ, ನಾನು ಗೋಡೆ ನೋಡ್ಕೊಂಡು ತಿಂತೀನಿ’ ಅಂದರು. ದೂರು ಹೇಳಲಿಲ್ಲ, ಸುಮ್ಮನೆ ಹೇಳಿದರು. ನೀವಿಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಹನ್ನೊಂದು ತಿಂಗಳು ಕಳೆದಿದ್ದೀರಿ. ಒಂದು ಸಂಜೆಯಾದರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸೋಣ, ಒಂದು ಡಬ್ಬಿಯಿಂದ ಉಣ್ಣಲಿ ಅಂತ ನನ್ನ ಆಸೆ. ಹೀಗೇ ಬಿಟ್ಟರೆ ನೀವಿಬ್ಬರೂ ಹೀಗೇ ಉಳಿದುಬಿಡುತ್ತೀರಿ, ನನಗೆ ಅದೇ ಭಯ.

ಇನ್ನೊಂದು. ಹೋದವನು ನನ್ನ ತಮ್ಮ. ನನ್ನನ್ನು ಒಬ್ಬರಾದರೂ ಹೇಗಿದ್ದೀಯ ಅಂತ ಕೇಳಿದಿರಾ? ಮೊಸರು ತಿನ್ನು, ನೀರು ಕಾಯಿಸು. ನಾನು ಇಲ್ಲಿ ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಅವನದೇ ಹೆಸರಿನ ಹುಡುಗನೊಬ್ಬ ಇದ್ದಾನೆ. ಅವನನ್ನು ದಿನಾ ಅವನ ಅಪ್ಪನ ಹೆಸರಿನಿಂದ ಕರೆಯುತ್ತೇನೆ. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ.

ಟಿಕೆಟನ್ನು ನಾನು ಯಾರಿಗೂ ಕೊಡುವುದಿಲ್ಲ. ಬೇಡವಾದರೆ ನೀನೇ ಒಲೆಗೆ ಹಾಕು.

ಲಹರಿ

ಸಿಲ್ಚಾರ್
15 ಡಿಸೆಂಬರ್ 2023

ಅಮ್ಮ,

ನೀನು ಉತ್ತರ ಬರೆಯಲಿಲ್ಲ. ಅಪ್ಪ ಫೋನಿನಲ್ಲಿ, ಕಾಗದ ಬಂತು, ಓದಿದಳು, ಮಡಚಿಟ್ಟಳು ಅಂದರು, ಅಷ್ಟೇ. 11ನೇ ತಾರೀಖು ನಾನು ರಜೆ ಹಾಕಿ ರೂಮಿನಲ್ಲೇ ಇದ್ದೆ. ನಿಮಗೆ ಅವತ್ತು ಏನೂ ಅಲ್ಲದಿರಬಹುದು, ನನಗೆ ಅವತ್ತೇ. ಪಕ್ಕದ ರೂಮಿನ ಮಣಿಪುರದ ಟೀಚರ್ ಚಹಾ ತಂದುಕೊಟ್ಟು ಜೊತೆಗೆ ಕೂತಿದ್ದಳು.

ಒರಟಾಗಿ ಬರೆದೆ. ಬರೆದದ್ದು ಸುಳ್ಳಲ್ಲ, ಆದರೆ ಒರಟಾಯಿತು. ನಾಟಕದ ವಿಷಯ ಬಿಟ್ಟುಬಿಡು. ಹೋಗಲೇಬೇಕು ಅಂತ ನನಗೆ ಈಗ ಇಲ್ಲ. ಇಂದ್ರಮ್ಮನವರ ಮಗ ಸೊಸೆ ಹೋಗಿ ನೋಡಲಿ. ವರ್ಷಾಬ್ದಿಕಕ್ಕೂ ನನಗೆ ಬರಲು ಆಗುವುದಿಲ್ಲ, ಹತ್ತನೇ ಕ್ಲಾಸಿನವರಿಗೆ ಪ್ರತ್ಯೇಕ ಪಾಠ ಹಾಕಿದ್ದಾರೆ. ರಜೆ ಕೇಳಬಹುದಿತ್ತು, ಕೇಳಲಿಲ್ಲ. ಬಂದು ನಿಮ್ಮಿಬ್ಬರ ನಡುವೆ ಕೂರುವುದಕ್ಕೆ ನನಗೆ ಧೈರ್ಯವಿಲ್ಲ.

ಒಂದು ಕಾರ್ಡಾದರೂ ಹಾಕು.

ಲಹರಿ

ಕೃಷ್ಣಮೂರ್ತಿಪುರಂ
30 ಡಿಸೆಂಬರ್ 2023

ಲಹರಿ,

ನಿನ್ನೆ ವರ್ಷಾಬ್ದಿಕ ಮುಗಿಯಿತು. ನಿನ್ನ ಎರಡು ಕಾಗದವೂ ನನ್ನ ಹತ್ತಿರವೇ ಇವೆ. ಮೊದಲನೆಯದಕ್ಕೆ ಉತ್ತರ ಬರೆಯಬೇಕೆಂದು ಕೂರುವುದು, ಏಳುವುದು, ಹೀಗೇ ಆಯಿತು. ಸಿಟ್ಟು ಬಂದು ಅಲ್ಲ. ಸಿಟ್ಟು ಬಂದಿದ್ದರೆ ಬರೆದುಬಿಡುತ್ತಿದ್ದೆ. ಏನೂ ಬರಲಿಲ್ಲ, ಅದೇ ನನ್ನ ತೊಂದರೆ.

ನಾಟಕಕ್ಕೆ ಹೋಗಿದ್ದೆವು.

ನೀನು ಬರೆದದ್ದು ಸರಿ, ನಾನು ಪಂಚಾಂಗದವಳಲ್ಲ. ಆದರೆ ಮಾಸಿಕದ ದಿನ ನನಗೆ ಒಂದು ಕೆಲಸ ಇರುತ್ತಿತ್ತು. ಬೆಳಿಗ್ಗೆ ಎದ್ದು ಮಡಿ ಉಟ್ಟು ಅವನಿಗೆ ಅಂತ ಅಡುಗೆ ಮಾಡುವುದು. ತಿಂಗಳ ಉಳಿದ ದಿನವೆಲ್ಲ ಆ ದಿನಕ್ಕೆ ಕಾಯುವುದು. ಶ್ರಾದ್ಧದ ಅಡುಗೆಯಲ್ಲಿ ಅವನಿಗೆ ಸೇರುವಂಥದ್ದು ಒಂದೂ ಇರುವುದಿಲ್ಲ. ಹಾಗಲಕಾಯಿ ಕಂಡರೆ ತಟ್ಟೆ ದೂಡುತ್ತಿದ್ದ. ತಿಂಗಳು ತಿಂಗಳೂ ಅವನಿಗೆ ಹಾಗಲಕಾಯಿಯನ್ನೇ ಬಡಿಸಿದೆ. ಅವನಿಗೆ ಬೇಕಾದದ್ದು ಆಲೂಗಡ್ಡೆ ಪಲ್ಯ, ಅದು ಆ ಎಲೆಗೆ ನಿಷಿದ್ಧ. ಅಧಿಕ ಮಾಸದ್ದು ಬಂದಾಗ, ಇದು ಹೇಗೂ ಹೆಚ್ಚುವರಿ ತಿಂಗಳು ತಾನೇ ಅಂತ ಆಲೂಗಡ್ಡೆ ಪಲ್ಯ ಮಾಡಿ ಎಲೆಯ ಮೂಲೆಗೆ ಹಾಕಿದೆ. ಶಾಸ್ತ್ರಿಗಳು ನೋಡಿದರು, ನನ್ನ ಮುಖ ನೋಡಿದರು, ಮಂತ್ರ ಮುಂದುವರಿಸಿದರು. ಅವತ್ತು ನನಗೆ ಸಂತೋಷವಾಯಿತು. ಈ ವರ್ಷದಲ್ಲಿ ಸಂತೋಷ ಅಂತ ಆದದ್ದು ಅದೊಂದೇ.

ವರ್ಷಾಬ್ದಿಕ ಆದಮೇಲೆ ತಿಂಗಳಿಗೊಂದು ಸಲ ಇಲ್ಲ, ವರ್ಷಕ್ಕೊಂದೇ ಸಲ. ಅದು ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು ಅಂತ ನಾನು ಹಿಡಿದುಕೊಂಡಿದ್ದೆ. ನಿನ್ನ ಟಿಕೆಟ್ ಸರಿಯಾಗಿ ಆ ನಡುವೆ ಬಂದು ಕೂತಿತು. ಅದಕ್ಕೇ ತಿಥಿಯ ಮಾತು ಎತ್ತಿದೆ.

23ರ ಬೆಳಿಗ್ಗೆ ನಿಮ್ಮಪ್ಪ ತಾವಾಗಿಯೇ ಗೂಡಿನಿಂದ ಟಿಕೆಟ್ ತೆಗೆದು ಊಟದ ಮೇಜಿನ ಮೇಲಿಟ್ಟರು. ನಾನು ಎಂದಿನ ಹಾಗೆ ತಟ್ಟೆಗೆ ಬಡಿಸಿ ಒಳಗೆ ಹೊರಟೆ. ಕೂತ್ಕೋ ಅಂದರು. ಕೂರಲಿಲ್ಲ, ನಿಂತೆ.

‘ಅವ್ನಿಗೆ ಅಂತ ಆಲೂಗಡ್ಡೆ ಮಾಡ್ದೆ, ನೋಡ್ದೆ ನಾನು. ನಂಗೇನಿಷ್ಟ ಅಂತ ಹೇಳು ನೋಡೋಣ. ನಾನಿನ್ನೂ ಇದೀನಿ ಕಣೆ, ಪಂಕಜಾ.’

ಗಟ್ಟಿಯಾಗಿ ಹೇಳಲಿಲ್ಲ. ಸಾರು ಕಲಸುತ್ತಲೇ ಹೇಳಿದರು. ನಾನು ಅಡುಗೆ ಮನೆಗೆ ಬಂದು ಯೋಚನೆ ಮಾಡಿದೆ. ಲಹರಿ, ನನಗೆ ನೆನಪಾಗಲಿಲ್ಲ. ಮದುವೆಯಾದಾಗಿನಿಂದ ಬಡಿಸಿದ್ದೇನೆ, ಒಂದೇ ಒಂದು ಪದಾರ್ಥ ನೆನಪಾಗಲಿಲ್ಲ. ಡಬ್ಬಗಳನ್ನೆಲ್ಲ ತೆಗೆದು ನೋಡಿದೆ, ನೋಡಿದರಾದರೂ ಹೊಳೆಯುತ್ತದೇನೋ ಅಂತ. ಕೊನೆಗೆ ಯಾರಾದರೂ ಮಾಡುವ ಹಾಗೆ ಪುಳಿಯೋಗರೆ, ಮೊಸರನ್ನ ಮಾಡಿ ಡಬ್ಬಿಗೆ ತುಂಬಿದೆ. ಸಿದ್ದು ಆಟೋ ತಂದಾಗ ಸೀರೆ ಬದಲಾಯಿಸಿ ಹತ್ತಿ ಕೂತೆ. ಬದನೆಕಾಯಿ ಬಣ್ಣದ್ದು ಉಡಲಿಲ್ಲ, ಬೂದಿ ಬಣ್ಣದ್ದು ಉಟ್ಟೆ. ನಿಮ್ಮಪ್ಪನೂ ಪೇಟ ಕಟ್ಟಲಿಲ್ಲ. ಶಾಸ್ತ್ರಿಗಳಿಗೆ ನಾವು ಹೇಳಲಿಲ್ಲ, ನೀನೂ ಹೇಳಬೇಡ.

ಬಂಗಲೆ ಹೇಗಿತ್ತು ಅಂತ ಕೇಳುತ್ತೀಯ. ಬಿಳಿ ಕಂಬಗಳು, ದೊಡ್ಡ ಹುಲ್ಲುಹಾಸು, ನೇರಳೆ ಮರ. ಜನ ಮದುವೆಗೆ ಬಂದ ಹಾಗೆ ಬಂದಿದ್ದರು. ಗೇಟಿನೊಳಗೆ ಕಾಲಿಟ್ಟಾಗ ನಿಮ್ಮಪ್ಪ ತಾತನ ಕಥೆ ಹೇಳುತ್ತಾರೆ ಅಂದುಕೊಂಡಿದ್ದೆ, ಹೇಳಲಿಲ್ಲ. ಹಾಡು ಚೆನ್ನಾಗಿದ್ದಿರಬೇಕು. ನನಗೆ ಕಿವಿಯ ಹೊರಗೇ ನಿಂತಿತು. ಎದುರಿಗೆ ಹಾಡುತ್ತಿದ್ದಾರೆ, ಇದು ಕಲ್ಯಾಣಿ ಅಂತ ಗೊತ್ತಾಗುತ್ತಿದೆ, ಅದರಿಂದ ನನಗೆ ಏನೂ ಆಗುತ್ತಿಲ್ಲ. ಒಂದು ಕಡೆ ಹಾಡುಗಾರ್ತಿ ಮೇಲಿನ ಷಡ್ಜಕ್ಕೆ ಹೋದಳು, ಶ್ರುತಿ ಸೇರಲಿಲ್ಲ. ನನಗೆ ಗೊತ್ತಿಲ್ಲದೆ ಲೊಚಗುಟ್ಟಿದೆ. ಪಾಠದಲ್ಲಿ ಹುಡುಗಿಯರು ತಪ್ಪಿದಾಗ ಮಾಡುತ್ತಿದ್ದೆನಲ್ಲ, ಹಾಗೆ. ಪಕ್ಕದಲ್ಲಿ ನಿಮ್ಮಪ್ಪ ನಕ್ಕುಬಿಟ್ಟರು. ನನಗೆ ಮೈ ಉರಿಯಿತು. ಆಮೇಲೆ ನೋಡಿದರೆ ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು, ತುಂಬಾ ಹೊತ್ತು ಒರೆಸಿದರು.

ವಿರಾಮದಲ್ಲಿ ನೇರಳೆ ಮರದ ಕೆಳಗೆ ಜಮಖಾನ ಹಾಸಿದೆವು. ನಮ್ಮ ಪಕ್ಕದಲ್ಲಿ ಬೋಗಾದಿಯ ಪಾರ್ವತಮ್ಮ ಅನ್ನುವವರು, ನನಗಿಂತ ಹಿರಿಯರು. ಲೇಔಟ್ ಆಗುವುದಕ್ಕೆ ಮುಂಚೆ ಆ ಬಂಗಲೆಯ ಹಿಂದೆಯೇ ಅವರ ಹೊಲ ಇತ್ತಂತೆ. ನಮ್ಮ ಬುತ್ತಿ ನೋಡಿ, ಇಷ್ಟೇನಾ ಅಂತ ತಮ್ಮ ಡಬ್ಬದಿಂದ ಕೋಡುಬಳೆ ತೆಗೆದು ಕೊಟ್ಟರು. ನಿಮ್ಮಪ್ಪ ಹೊರಗಿನವರ ಕೈಯದು ಏನೂ ತಿನ್ನಬಾರದು, ವರ್ಷ ಇನ್ನೂ ಮುಗಿದಿಲ್ಲ. ನಾನು ಬೇಡ ಅನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದರು. ಆಗ ನನಗೆ ನೆನಪಾಯಿತು. ಕೋಡುಬಳೆ. ಮದುವೆಯ ಹೊಸತರಲ್ಲಿ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮುಂಚೆ ಡಬ್ಬಕ್ಕೆ ಕೈ ಹಾಕುತ್ತಿದ್ದರು.

ಪಾರ್ವತಮ್ಮ ಮಕ್ಕಳೆಷ್ಟು ಅಂತ ಕೇಳಿದರು. ಎಲ್ಲರೂ ಕೇಳುವುದೇ. ನಾನು ಮನೆ ಬಿಟ್ಟು ಎಲ್ಲಿಗೂ ಹೋಗದೆ ಇದ್ದದ್ದು ಈ ಪ್ರಶ್ನೆಗೆ ಹೆದರಿಯೇ ಅಂತ ಆಗ ಗೊತ್ತಾಯಿತು. ಒಬ್ಬಳು ಅಂದರೆ ಅವನನ್ನು ನಾನೇ ಅಳಿಸಿದ ಹಾಗೆ. ಇಬ್ಬರು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ. ನಿಮ್ಮಪ್ಪ ನೀರು ಕುಡಿದು, ಮಗಳು ಅಸ್ಸಾಮಿನಲ್ಲಿ ಟೀಚರು, ಮಗ ಹೋದ ವರ್ಷ ತೀರಿಕೊಂಡ ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು, ಆಸ್ಪತ್ರೆಯಿಂದ ಬಂದ ಆ ಫೋನು ಬಿಟ್ಟರೆ, ಅವತ್ತೇ.

ಆಕೆ ಅಯ್ಯೋ ಅನ್ನಲಿಲ್ಲ. ನನ್ನ ಕಡೆ ತಿರುಗಿ, ‘ಏನ್ ಎಸ್ರವ್ವ ಮಗೀಂದು?’ ಅಂದರು.

ಯಶಸ್ ಅಂದೆ. ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಹೇಳಿದೆ. ಒಳ್ಳೆ ಹೆಸರು ಅಂತ ಹೇಳಿ ಅವರು ನನಗೂ ಒಂದು ಕೋಡುಬಳೆ ಕೊಟ್ಟರು. ತಿಂದೆ. ಆಮೇಲೆ ಮಿಕ್ಕ ನಾಟಕವನ್ನೂ ನೋಡಿದೆವು. ಕತೆ ನೆನಪಿಲ್ಲ.

ನಿನ್ನೆ ವರ್ಷಾಬ್ದಿಕಕ್ಕೆ ಎಲ್ಲ ಶಾಸ್ತ್ರದ ಪ್ರಕಾರವೇ ಮಾಡಿದೆ, ಹಾಗಲಕಾಯಿಯೇ ಬಡಿಸಿದೆ. ಕಾಗೆ ಬೇಗ ಬಂತು. ಎಲ್ಲರೂ ಹೋದಮೇಲೆ ಮನೆ ತೊಳೆದೆ. ಇವತ್ತು ಬೆಳಿಗ್ಗೆ ಎದ್ದಾಗ ಮುಂದಿನ ತಿಂಗಳಿಗೆ ಕಾಯುವುದು ಇರಲಿಲ್ಲ. ಸ್ವಲ್ಪ ಹೊತ್ತು ಏನು ಮಾಡಬೇಕೋ ತಿಳಿಯದೆ ಒಲೆಯ ಮುಂದೆ ನಿಂತಿದ್ದೆ. ನಿಮ್ಮಪ್ಪ ಬಂದು ಪಕ್ಕದಲ್ಲಿ ನಿಂತರು. ಅಕ್ಕಿ ಹಿಟ್ಟು ಇದೆಯಾ ಅಂತ ಕೇಳಿ, ಇಲ್ಲ ಅಂದಾಗ, ತರುತ್ತೇನೆ ಅಂತ ಚೀಲ ಹಿಡಿದು ಹೊರಟರು. ಈಗ ಅವರು ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸುತ್ತಿದ್ದೇನೆ.

ನಿನ್ನನ್ನು ಯಾರೂ ಕೇಳಲಿಲ್ಲ ಅಂತ ಬರೆದೆ. ಹೇಗಿದ್ದೀಯ ಲಹರಿ? ಕಾಗದದಲ್ಲಿ ಉತ್ತರ ಬರೆಯಬೇಡ. ರಜೆ ಹಾಕಿ ಬಾ, ನಮ್ಮಿಬ್ಬರ ನಡುವೆ ಕೂರಲು ಹೆದರಬೇಡ. ನನಗೆ ಇನ್ನೂ ಅಳು ಬರುವುದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಅತ್ತರೆ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಎದ್ದು ಒಳಗೆ ಹೋಗುವುದಿಲ್ಲ.

ಅಮ್ಮ